ಹೊತ್ತು ಮುಳುಗಿಲ್ಲ

ಕೊಲ್ಹಾಪುರ
೮ ಜುಲೈ ೨೦೨೪

ಅಪ್ಪಾ, ಜಯ ಜಿನೇಂದ್ರ.

ನೀವು ಬೈಯುವ ಮೊದಲೇ ಬರೆಯುತ್ತಿದ್ದೇನೆ. ಇಲ್ಲಿಂದ ಇಚಲಕರಂಜಿಗೆ ಬಸ್ಸಿನಲ್ಲಿ ತಾಸಿನ ದಾರಿ, ಆದರೂ ನಿಮ್ಮೊಡನೆ ಮಾತಾಡಲು ಅಂಚೆಯವನನ್ನೇ ಕಾಯಬೇಕು. ಮಗ್ಗದ ಸದ್ದು ತಿಂದ ನಿಮ್ಮ ಕಿವಿಗೆ ಫೋನು ಹತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಮಗ್ಗದ ಶೆಡ್ಡಿನ ತಾನಾಜಿಯ ಕೈಗೆ ಕೊಟ್ಟು “ಓದೋ ಇದನ್ನ” ಅನ್ನುತ್ತೀರಿ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಬಾಯಿಗೆ ಬಂದದ್ದು ಹೇಳುತ್ತಾನೆ. ಹಾಗಾಗಿ ಕಾಗದ. ಮರಾಠಿ ಶಾಲೆಯ ಹುಡುಗಿಗೆ ಕನ್ನಡ ಅಕ್ಷರ ತಿದ್ದಿಸಿದವಳು ಅವ್ವ. ತಪ್ಪು ಕಂಡರೆ ಅವಳನ್ನೇ ಕೇಳಿ.

ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಸಿಕ್ಕಿತು. ಒಂದು ಕೊರಿಯಾದ ಸಿನಿಮಾ. ಅದರಲ್ಲಿ ಪ್ರೀತಿ ಮತ್ತು ನೆನಪು ಹೇಗೆ ಬರುತ್ತವೆ ಅನ್ನುವುದನ್ನು ನಾನು ಬರೆಯಬೇಕು. ಕಥೆ ಇಷ್ಟೇ: ಸಣ್ಣ ಊರು, ವಯಸ್ಸಾದ ಗಂಡ ಹೆಂಡತಿ. ಹೆಂಡತಿಗೆ ಮರೆವು. ದಿನಾ ಸಂಜೆ ಗಂಟು ಕಟ್ಟಿಕೊಂಡು ತವರಿಗೆ ಹೊರಡುತ್ತಾಳೆ. ಆ ಊರಿನ ಸ್ಟೇಷನ್ನಿಗೆ ರೈಲು ಬರುವುದು ನಿಂತು ಎಷ್ಟೋ ಕಾಲವಾಗಿದೆ. ಗಂಡ ಅದನ್ನು ಹೇಳುವುದಿಲ್ಲ. ಅವಳ ಗಂಟನ್ನು ತಾನೇ ಹೊತ್ತು, ಹುಲ್ಲು ಬೆಳೆದ ಪ್ಲಾಟ್‌ಫಾರ್ಮಿನ ಮೇಲೆ ಅವಳ ಪಕ್ಕ ಕೂತು, “ಗಾಡಿ ಇವತ್ತು ತಡ” ಅನ್ನುತ್ತಾನೆ. ಕತ್ತಲಾದ ಮೇಲೆ ಮನೆಗೆ ಕರೆತರುತ್ತಾನೆ. ಮರುದಿನ ಮತ್ತೆ ಅದೇ.

ಕ್ಲಾಸಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬಂತು. ಅವಳ ಸಂಜೆಗಳನ್ನು ಅವನು ಕದಿಯುತ್ತಿದ್ದಾನೆ, ಅಪ್ಪಾ. ನಿಜ ಗೊತ್ತಾದರೆ ಅವಳು ಅಳಬಹುದು, ಬೈಯಬಹುದು, ನಡೆದುಕೊಂಡೇ ತವರಿಗೆ ಹೋಗಬಹುದು. ಅಷ್ಟು ಹಕ್ಕೂ ಅವಳಿಗಿಲ್ಲವೇ? ಪ್ರಬಂಧದಲ್ಲಿ ನಾನು ಇದನ್ನೇ ಸಾಧಿಸುವವಳು. ಗೈಡ್ ಮೇಡಂ “ಬರೆದು ತೋರಿಸು” ಅಂದಿದ್ದಾರೆ.

ಅವ್ವ ಫೋನಿನಲ್ಲಿ “ಛಲೋ ಅದೇನಿ” ಅನ್ನುತ್ತಾಳೆ. ಆದರೆ ನಿನ್ನೆ ಮಾತು ಮುಗಿಯುವುದರೊಳಗೆ “ಊಟಾ ಮಾಡಿದಿಲ್ಲೋ?” ಅಂತ ಮತ್ತೆ ಮತ್ತೆ ಕೇಳಿದಳು. ಅವಳು ಹೇಗಿದ್ದಾಳೆ? ನಿಜ ಬರೆಯಿರಿ.

ನಿಮ್ಮ ಮಗಳು
ಪ್ರಿಯದರ್ಶನಿ


ಇಚಲಕರಂಜಿ
೧೬ ಜುಲೈ ೨೦೨೪

ಚಿ. ಪ್ರಿಯಾ, ಸುಖವಾಗಿರು.

ಕಾಗದದಲ್ಲಿ ತಪ್ಪುಗಳಿವೆ. ಆದರೆ ನಿನ್ನವ್ವನನ್ನು ಕೇಳುವ ಧೈರ್ಯ ನನಗಿಲ್ಲ, ನಿನ್ನ ಬದಲು ನನಗೇ ಬೈಯುತ್ತಾಳೆ. ಮಗಳನ್ನು ಸಿನಿಮಾ ನೋಡಲು ಕೊಲ್ಹಾಪುರಕ್ಕೆ ಕಳಿಸಿದ್ದೇನೆ ಅಂದರೆ ಬಸ್ತಿಗೆ ದರ್ಶನಕ್ಕೆ ಬಂದವರು ನಕ್ಕಾರು. “ಸಂಶೋಧನಾ ನಡಸ್ಯಾಳ್ರಿ” ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ.

ಆ ಕೊರಿಯಾದ ಮುದುಕನನ್ನು ಕಳ್ಳ ಅಂದುಬಿಟ್ಟೆಯಲ್ಲ ಮಾರಾಯ್ತಿ! ಅವನು ಪಾಪ ಗಂಟು ಬೇರೆ ಹೊರುತ್ತಾನೆ. ಇರಲಿ. ನನಗೆ ಕೆಲವು ವಿಷಯ ತಿಳಿಯಬೇಕು. ಮೊದಲ ದಿನ ಅವನು ಸುಳ್ಳು ಹೇಳಿದ್ದು ಹೇಗೆ ಅಂತ ತೋರಿಸಿದ್ದಾರೆಯೇ? ಯೋಚಿಸಿ ಹೇಳಿದನೋ, ಬಾಯಿ ತಪ್ಪಿ ಬಂತೋ? ಹೆಂಡತಿಗೆ ಎಂದಾದರೂ ಗೊತ್ತಾಗುತ್ತದೆಯೇ? ಗೊತ್ತಾದ ಮೇಲೆ ಅವನ ಮುಖ ನೋಡುತ್ತಾಳೆಯೇ? ಬೇಗ ಬರೆ. ಕಥೆಯನ್ನು ಅರ್ಧಕ್ಕೆ ಬಿಟ್ಟರೆ ನನಗೆ ನಿದ್ದೆ ಹತ್ತುವುದಿಲ್ಲ.

ಇಲ್ಲಿ ಜಿಟಿಜಿಟಿ ಮಳೆ, ದಿನವಿಡೀ ಮಬ್ಬು. ಶೆಡ್ಡಿನಲ್ಲಿ ಎರಡೂ ಪಾಳಿ ನಡೆದಿವೆ. ನಿನ್ನವ್ವ ಛಲೋ ಇದ್ದಾಳೆ. ವಯಸ್ಸಾದ ಮೇಲೆ ಒಂದು ಮಾತು ಎರಡು ಸಲ ಬಂದೀತು, ಅದನ್ನೇ ಹಿಡಿದುಕೊಂಡು ಕೂಡಬೇಡ. ಮನೆಗೆ ಬರುವ ಅವಸರವನ್ನೂ ಮಾಡಬೇಡ.

ನಿನ್ನ ಅಪ್ಪ
ಬಾಬಾಸಾಹೇಬ


ಕೊಲ್ಹಾಪುರ
೩೦ ಜುಲೈ ೨೦೨೪

ಅಪ್ಪಾ,

ಪಂಚಗಂಗೆ ಉಕ್ಕಿದೆ. ಕಾಲೇಜಿಗೆ ರಜೆ. ರೂಮಿನಲ್ಲಿ ಕೂತು ಅದೇ ಸಿನಿಮಾ ಮತ್ತೆ ನೋಡಿದೆ. ಮೊದಲ ದಿನದ ಸುಳ್ಳನ್ನು ಅದರಲ್ಲಿ ತೋರಿಸಿಲ್ಲ. ಕೊನೆಯಲ್ಲಿ ಮಾತ್ರ ಹೀಗಿದೆ: ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೆ ಕೂತಿದ್ದಾರೆ, ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅವನು ಬಾಯಿ ತೆರೆಯುವ ಮೊದಲೇ ಅವಳು “ಗಾಡಿ ಇವತ್ತು ತಡ” ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಅವಳಿಗೆ ಎಲ್ಲಾ ಗೊತ್ತಿತ್ತೋ, ದಿನಾ ಕೇಳಿ ಕೇಳಿ ಆ ಮಾತು ಬಾಯಿಗೆ ಬಂದಿತ್ತೋ, ಯಾರಿಗೆ ಗೊತ್ತು? ಗೊತ್ತಿತ್ತು ಅಂತ ನನ್ನ ಗೆಳತಿಯರು ವಾದಿಸುತ್ತಾರೆ. ಗೊತ್ತಿದ್ದರೆ ಅವನ ತಪ್ಪು ಇನ್ನೂ ದೊಡ್ಡದು ಅನ್ನುವವಳು ನಾನೊಬ್ಬಳೇ.

ಆದರೆ ಈ ಕಾಗದ ಬರೆಯಲು ಕಾರಣ ಸಿನಿಮಾ ಅಲ್ಲ. ಮೊನ್ನೆ ಅವ್ವನಿಗೆ ಫೋನು ಮಾಡಿದೆ. ಹೊರಗೆ ಗವ್ವೆನ್ನುವ ಕತ್ತಲು. ಅವಳು “ತಡಿ ಪ್ರಿಯಾ, ಉಣ್ಣಾಕ ಕುಂತೇನಿ, ಹೊತ್ತು ಮುಳುಗೂದರಾಗ ಮುಗಸಬೇಕು” ಅಂದು ಇಟ್ಟುಬಿಟ್ಟಳು.

ಅಪ್ಪಾ, ಲಗ್ನವಾದ ವರ್ಷ ಕುಂಭೋಜದ ಬಾಹುಬಲಿ ಬೆಟ್ಟದಲ್ಲಿ ಮುನಿಗಳ ಮುಂದೆ ಕೈಮುಗಿದು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ ಅಂತ ನಿಯಮ ಹಿಡಿದವಳು ಅವ್ವ. ನಾನು ಹುಟ್ಟಿದ ದಿನವೂ ಅವಳು ಅದನ್ನು ಮುರಿಯಲಿಲ್ಲ ಅಂತ ನೀವೇ ಹೇಳುತ್ತೀರಿ. ಅವಳು ರಾತ್ರಿ ಹೇಗೆ ಊಟಕ್ಕೆ ಕೂತಳು? ಹೊತ್ತು ಇನ್ನೂ ಇದೆ ಅಂತ ಅವಳಿಗೆ ಯಾರು ಹೇಳಿದರು? ಅವಳ ಮರೆವನ್ನು ನನ್ನಿಂದ ಮುಚ್ಚಿಡಬೇಡಿ.

ಪ್ರಿಯಾ


ಇಚಲಕರಂಜಿ
೧೨ ಆಗಸ್ಟ್ ೨೦೨೪

ಚಿ. ಪ್ರಿಯಾ,

ಅಪ್ಪನಾದವನು ಮಗಳಿಗೆ ಜವಾಬು ಕೊಡುವ ಕಾಲ ಬಂತು. ಕೊಡುತ್ತೇನೆ, ಬೈಯದೆ ಓದು.

ನಿನ್ನವ್ವನಿಗೆ ಮರೆವು ಬಂದಿದೆ. ಎಲ್ಲಾ ಅಲ್ಲ, ಕೆಲವು. ಬಹಳ ಮಾಡಿ ಊಟ ಮರೆಯುತ್ತಾಳೆ. ಐದು ಗಂಟೆಗೆ ತಾಟು ಹಾಕಿದರೆ “ಆಗಲೇ ಉಂಡೇನಲ್ಲರೀ” ಅನ್ನುತ್ತಾಳೆ. ಇಲ್ಲ ಅಂದರೆ ಜಗಳ. ಕತ್ತಲಾದ ಮೇಲೆ ಹಸಿವಾಗುತ್ತದೆ. ಆಗ ಶೆಡ್ಡಿನ ಬಾಗಿಲಿಗೆ ಬಂದು ನನ್ನ ತೋಳು ಹಿಡಿದು, “ಹಸಿವಿ ಆಗೇತ್ರಿ. ಹೊತ್ತು ಮುಳುಗೇತೇನು?” ಅಂತ ಕೇಳುತ್ತಾಳೆ. ಹೌದು ಅಂದರೆ ನೀರು ಕುಡಿದು ಮಲಗುತ್ತಾಳೆ. ಶುಗರಿನ ಗುಳಿಗೆ ನುಂಗಿ ಖಾಲಿ ಹೊಟ್ಟೆ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಿದ್ದಳು, ಬಾಯಿಯಲ್ಲಿ ನೊರೆ. ನಿನಗೆ ಪರೀಕ್ಷೆ ಇತ್ತು, ಹೇಳಲಿಲ್ಲ. ಡಾಕ್ಟರು ಗುಳಿಗೆ ಕಡಿಮೆ ಮಾಡಿದರು. ಆದರೂ ಉಪವಾಸ ಮಲಗಿಸಿದರೆ ಜೀವಕ್ಕೆ ಅಪಾಯ ಅಂದರು.

ಮರುದಿನ ಕತ್ತಲಲ್ಲಿ ಮತ್ತೆ ಬಂದು ತೋಳು ಹಿಡಿದಳು. ನನ್ನ ಬಾಯಿಂದ ಬಂದುಬಿಟ್ಟಿತು, “ಇಲ್ಲ, ಮ್ವಾಡ ಕವದೈತಿ.” ಯೋಚಿಸಿ ಹೇಳಿದ್ದಲ್ಲ. ಅವಳು ನಂಬಿದಳು. ಎರಡು ಭಕ್ಕರಿ ಉಂಡಳು.

ಈಗ ಕಿಟಕಿಗಳಿಗೆಲ್ಲ ಶೆಡ್ಡಿನಲ್ಲಿ ನೇಯ್ದ ದಪ್ಪ ಕೋರಾ ಬಟ್ಟೆ ಕಟ್ಟಿದ್ದೇನೆ. ಗಡಿಯಾರದ ಸೆಲ್ ತೆಗೆದಿದ್ದೇನೆ. ಬೆಳ್ಳಗೆ ಉರಿಯುವ ಟ್ಯೂಬು ಹಾಕಿದ್ದೇನೆ. ಮಗ್ಗದ ಸದ್ದಿಗೆ ಹಗಲಿಲ್ಲ ರಾತ್ರಿಯಿಲ್ಲ, ಅದೊಂದು ಉಪಕಾರ. ಊಟಕ್ಕೆ ಮೊದಲು ಅವಳು ಬಟ್ಟೆ ಕಟ್ಟಿದ ಕಿಟಕಿಗೆ ತಿರುಗಿ ಸೂರ್ಯನಿಗೆ ಕೈಮುಗಿಯುತ್ತಾಳೆ. ಆಗ ನಾನು ಆ ಕಡೆ ನೋಡುವುದಿಲ್ಲ.

ಪಾಪವಿದ್ದರೆ ನನ್ನದು. ಅವಳಿಗೆ ಹೇಳಬೇಡ, ಕೈಮುಗಿಯುತ್ತೇನೆ. ನಿನ್ನ ಪ್ರಬಂಧದಲ್ಲಿ ನನ್ನನ್ನೂ ಕಳ್ಳ ಅಂತ ಬರೆಯುವುದಿದ್ದರೆ ಬರೆದುಕೋ.

ನಿನ್ನ ಅಪ್ಪ


ಕೊಲ್ಹಾಪುರ
೧೯ ಸೆಪ್ಟೆಂಬರ್ ೨೦೨೪

ಅಪ್ಪಾ,

ನಾನು ಹೊರಡುವಾಗ ನೀವು ಬಸ್ ಸ್ಟ್ಯಾಂಡಿಗೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಆದರೆ ನನ್ನ ಮಾತು ಕೇಳಿ.

ಅನಂತ ಚತುರ್ದಶಿಗೆ ಮನೆಗೆ ಬರುವಾಗ ಹೇಳಬಾರದು ಅಂತಲೇ ನಿಶ್ಚಯಿಸಿಕೊಂಡು ಬಂದಿದ್ದೆ. ಪರ್ವದ ದಿನ, ಬಸ್ತಿಗೆ ಬಂದವರೆಲ್ಲ ಉಪವಾಸ, ಅವ್ವನಿಗೆ ಮಾತ್ರ ಡಾಕ್ಟರು ಬೇಡ ಅಂದಿದ್ದಾರೆ. ಬಸ್ತಿಯಿಂದ ಬಂದು ಅವ್ವ ಐದು ಗಂಟೆಗೆ ಊಟ ಬೇಡ ಅಂದಳು. ಕತ್ತಲಾದ ಮೇಲೆ ನೀವು ತಾಟು ಹಾಕಿದಿರಿ. ಅವಳು ತುತ್ತು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ, “ಪ್ರಿಯಾ, ಎಲ್ಲಾ ಮರಿಯಾಕತ್ತೇನಿ ನೋಡು. ಆದರ ನಿಯಮ ಒಂದ ಉಳದೈತಿ. ನಿಮ್ಮಪ್ಪನ ಕೃಪಾ” ಅಂದಳು. ಎಷ್ಟು ಹೆಮ್ಮೆಯಿಂದ ಅಂದಳು ಅಪ್ಪಾ! ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬಟ್ಟೆ ಸರಿಸಿದೆ.

ಬೀದಿಯ ದೀಪ, ಅದರ ಮೇಲೆ ಕತ್ತಲು. ಅವಳು ನೋಡಿದಳು. ತುತ್ತನ್ನು ತಾಟಿನಲ್ಲಿಟ್ಟಳು. ಕೈ ತೊಳೆದುಕೊಂಡು ಎದ್ದಳು. ಅವಳು ಅತ್ತಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ.

ನಾನು ಮಾಡಿದ್ದು ಸರಿ ಅಂತ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ನಿಯಮ ಅವಳದು, ಅದು ಉಳಿದಿದೆಯೋ ಇಲ್ಲವೋ ತಿಳಿಯುವುದು ಅವಳ ಹಕ್ಕು. ಆದರೆ ಇಲ್ಲಿಗೆ ಬಂದಾಗಿನಿಂದ ಒಂದಕ್ಷರ ಬರೆಯಲಾಗಿಲ್ಲ. ಅವಳು ಉಂಡಳೇ? ಅದೊಂದನ್ನು ತಿಳಿಸಿ.

ಪ್ರಿಯಾ


ಇಚಲಕರಂಜಿ
೨೬ ಸೆಪ್ಟೆಂಬರ್ ೨೦೨೪

ಪ್ರಿಯದರ್ಶನಿ,

ನಿನ್ನವ್ವ ಇಲ್ಲಿಲ್ಲ. ಗಡಹಿಂಗ್ಲಜಕ್ಕೆ ತನ್ನ ಅಕ್ಕ ಮಂಗಲಳ ಮನೆಗೆ ಹೋಗಿದ್ದಾಳೆ. “ಈ ಮನಿ ಹೊತ್ತಿನ ಮ್ಯಾಲ ನನಗ ಭರವಸಾ ಇಲ್ಲ” ಅಂದಳು. ಬಸ್ಸಿನಲ್ಲಿ ನಾನೇ ಬಿಟ್ಟು ಬಂದೆ.

ಊಟ ಮರೆಯುವವಳು, ನಿನ್ನೆಯನ್ನು ಮರೆಯುವವಳು, ಇದೊಂದನ್ನು ಮರೆಯಲೊಲ್ಲಳು. ಎಷ್ಟು ರಾತ್ರಿ ಉಂಡೆನೋ ಅಷ್ಟು ಉಪವಾಸ ಮಾಡಿ ತೊಳೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಷ್ಟು ಅಂತ ನನ್ನನ್ನು ಕೇಳಿದಳು. ಬೇಸಿಗೆಯಿಂದ ಅನಂತ ಚತುರ್ದಶಿಯ ತನಕ ದಿನಾ ಅಂತ ಹೇಳಲೇ? ಹೇಳಿದರೆ ಅವಳು ಉಳಿಯುತ್ತಾಳೆಯೇ? ನಾನು ಬಾಯಿ ಬಿಡಲಿಲ್ಲ. ಲೆಕ್ಕ ತಿಳಿಯುವ ತನಕ ಒಂದೇ ಹೊತ್ತು ಅಂತ ಈಗ ಮಧ್ಯಾಹ್ನ ಮಾತ್ರ ಉಣ್ಣುತ್ತಿದ್ದಾಳಂತೆ, ಅದೂ ಅರ್ಧ ಭಕ್ಕರಿ.

ನಿನ್ನ ಹಕ್ಕು, ನಿನ್ನ ಸತ್ಯ, ಎಲ್ಲಾ ಪುಸ್ತಕದಲ್ಲಿ ಚಂದ. ಸಿನಿಮಾದ ಹೆಂಗಸು ಪರದೆ ಇಳಿದ ಮೇಲೆ ಹಸಿಯುವುದಿಲ್ಲ ತಂಗಿ. ಇದಕ್ಕೆ ಜವಾಬು ಬರೆಯಬೇಡ, ಓದುವ ಮನಸ್ಸಿಲ್ಲ.

ಬಾಬಾಸಾಹೇಬ


ಗಡಹಿಂಗ್ಲಜ
೧ ಅಕ್ಟೋಬರ್ ೨೦೨೪

ನನ್ನ ಬಂಗಾರ ಪ್ರಿಯಾಗೆ ಅವ್ವನ ಆಶೀರ್ವಾದ.

ಅಕ್ಷರ ಸೊಟ್ಟ, ನಗಬೇಡ. ನಿನ್ನ ಮಂಗಲ ಮಾವಶಿ ಫೋನು ಮಾಡು ಅನ್ನುತ್ತಾಳೆ. ಫೋನಿನಲ್ಲಿ ಹೇಳಿದ್ದು ನನಗೆ ನಿಲ್ಲುವುದಿಲ್ಲ. ಕಾಗದವಾದರೆ ಮತ್ತೆ ಮತ್ತೆ ಓದಬಹುದು.

ಇಲ್ಲಿ ಬಸ್ತಿಯಲ್ಲಿ ಸನ್ಯಾಸಿನಿ ಮಾತಾಜಿಯವರ ಚಾತುರ್ಮಾಸ ನಡೆದಿದೆ. ದಿನಾ ಹೋಗಿ ಕೂಡುತ್ತೇನೆ. ಅವರು “ಅರಿಯದೆ ಆದದ್ದಕ್ಕೆ ದೋಷವಿಲ್ಲ, ಶರೀರ ನೋಡಿಕೋ ತಾಯಿ” ಅಂದರು. ಅವರು ದೊಡ್ಡವರು. ಆದರೆ ನಾನು ನಿಯಮ ಹಿಡಿಯುವಾಗ ಅರಿತೇ ಹಿಡಿದಿದ್ದೆ. ಅದು ನನ್ನ ಕೈಯಿಂದ ಹೋಯಿತು ಅಂದರೆ ನನಗೆ ಉಳಿದದ್ದೇನು? ಬೀಗದ ಕೈ ಎಲ್ಲಿಟ್ಟೆ, ತಿಳಿಯುವುದಿಲ್ಲ. ಎದುರುಮನೆಯವಳ ಹೆಸರು ತಿಳಿಯುವುದಿಲ್ಲ. ಆದರೂ ಹೊತ್ತು ಮುಳುಗುವುದರೊಳಗೆ ಉಂಡೆ ಅಂದರೆ ಇವತ್ತು ನಾನು ನಾನೇ ಇದ್ದೇನೆ ಅಂತ ಸಮಾಧಾನವಿತ್ತು.

ನಿಮ್ಮಪ್ಪನ ಮೇಲೆ ಸಿಟ್ಟಿಲ್ಲ. ಜೀವಕ್ಕೆ ಹೆದರಿದರು. ಅವರನ್ನು ಕೇಳಿದರೆ ಹೇಳುವುದಿಲ್ಲ, ಹೇಳಿದರೂ ನಾನು ಇನ್ನು ನಂಬುವುದಿಲ್ಲ. ನೀನು ಹೇಳು. ನೀನು ಸುಳ್ಳು ಹೇಳುವವಳಲ್ಲ, ಬಟ್ಟೆ ಸರಿಸಿ ತೋರಿಸಿದವಳು ನೀನೇ. ನಾನು ಎಷ್ಟು ರಾತ್ರಿ ಉಂಡೆ? ನೀನು ಹೇಳಿದಷ್ಟು ಉಪವಾಸ ಮಾಡುತ್ತೇನೆ.

ಊಟ ಮಾಡಿದಿಲ್ಲೋ?

ನಿನ್ನ ಅವ್ವ
ಅಲಕಾ


ಕೊಲ್ಹಾಪುರ
೪ ಅಕ್ಟೋಬರ್ ೨೦೨೪

ಅವ್ವಾ,

ಒಂದೇ ಸಲ. ಅನಂತ ಚತುರ್ದಶಿಯ ದಿನ. ಅದಕ್ಕೆ ಮೊದಲು ಹೊತ್ತಿನೊಳಗೇ ಉಂಡಿದ್ದೀ. ಆ ದಿನ ತುತ್ತು ಬಾಯಿಗೆ ಹೋಗುವ ಮೊದಲೇ ನಾನು ಕಿಟಕಿ ತೆರೆದೆ. ಅಂದರೆ ಅದೂ ಪೂರ್ತಿ ಆಗಲಿಲ್ಲ.

ಒಂದು ಉಪವಾಸ ಸಾಕು. ಅದನ್ನೂ ಮಾವಶಿಯ ಎದುರಿಗೆ, ಹಾಲು ಕುಡಿದು ಮಾಡು. ಮರುದಿನ ಹೊಟ್ಟೆ ತುಂಬ ಉಣ್ಣು. ಈ ಕಾಗದವನ್ನು ದಿಂಬಿನ ಕೆಳಗಿಟ್ಟುಕೋ, ಮರೆತಾಗ ಓದು.

ನಾನು ಊಟ ಮಾಡಿದೆ ಅವ್ವಾ.

ನಿನ್ನ ಪ್ರಿಯಾ


ಕೊಲ್ಹಾಪುರ
೪ ಅಕ್ಟೋಬರ್ ೨೦೨೪

ಅಪ್ಪಾ,

ಜವಾಬು ಬರೆಯಬೇಡ ಅಂದಿದ್ದಿರಿ. ಬರೆಯುತ್ತಿದ್ದೇನೆ.

ಅವ್ವನ ಕಾಗದ ಬಂದಿತ್ತು. ಎಷ್ಟು ರಾತ್ರಿ ಅಂತ ನನ್ನನ್ನೇ ಕೇಳಿದ್ದಾಳೆ. ಒಂದೇ ಅಂತ ಬರೆದು ಈಗತಾನೇ ಪೋಸ್ಟಿಗೆ ಹಾಕಿ ಬಂದೆ. ಡಬ್ಬಿಯೊಳಗೆ ಕಾಗದ ಬಿದ್ದ ಮೇಲೆ ಕೈ ಹಾಕಿ ತೆಗೆಯಲು ನೋಡಿದೆ, ಎಟುಕಲಿಲ್ಲ. ಯಾರೋ ಹೆಂಗಸು “ಕಾಯ್ ಝಾಲಂ ಗಂ ಬಾಳ?” ಅಂತ, ಏನಾಯಿತು ಮಗಾ ಅಂತ ಕೇಳಿದಳು. ಅಲ್ಲೇ ನಿಂತು ಅತ್ತೆ.

ನಾನು ನಿಜವನ್ನೇ ಹೇಳುತ್ತೇನೆ ಅಂತ ಅವಳು ನಂಬುತ್ತಾಳೆ. ಆ ನಂಬಿಕೆಯನ್ನೇ ನಾನು ಖರ್ಚು ಮಾಡಿಬಿಟ್ಟೆ. ಮತ್ತೊಮ್ಮೆ ನನ್ನ ಕೈಲಾಗುವುದಿಲ್ಲ. ಮೇಡಂಗೆ ಕೊಟ್ಟಿದ್ದ ಅಧ್ಯಾಯ ವಾಪಸು ತಂದಿದ್ದೇನೆ. ಆ ಮುದುಕನನ್ನು ಬೈಯಲು ನನಗೆ ಈಗ ಬಾಯಿಯಿಲ್ಲ.

ಅವಳನ್ನು ಮನೆಗೆ ಕರೆತನ್ನಿ. ಆದರೆ ಬಟ್ಟೆ ಕಟ್ಟಬೇಡಿ. ಕಟ್ಟದಿದ್ದರೆ ಅವಳು ರಾತ್ರಿ ಉಣ್ಣುವುದಿಲ್ಲ, ಉಣ್ಣದಿದ್ದರೆ ಏನಾಗುತ್ತದೆ ನನಗೂ ಗೊತ್ತು. ಏನು ಮಾಡಬೇಕು ತಿಳಿಯದೆ ಬರೆಯುತ್ತಿದ್ದೇನೆ. ನೀವು ದೊಡ್ಡವರು, ಏನಾದರೂ ಮಾಡಿ.

ಪ್ರಿಯಾ


ಇಚಲಕರಂಜಿ
೧೬ ಅಕ್ಟೋಬರ್ ೨೦೨೪

ಚಿ. ಪ್ರಿಯಾ, ನನ್ನ ತಾಯಿ,

ಹೋದ ಕಾಗದದಲ್ಲಿ ಬಾಯಿಗೆ ಬಂದಂತೆ ಬರೆದೆ. ನೀನು ತವಕಪಡುತ್ತಿರುತ್ತೀ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅವಳು ಮನೆಗೆ ಬಂದಿದ್ದಾಳೆ, ಉಣ್ಣುತ್ತಿದ್ದಾಳೆ.

ನಿನ್ನ ಮಾತಿನಂತೆ ಒಂದು ಉಪವಾಸ ಮಾಡಿದಳು. ಹಗುರಾದಳು ಅಂತ ಮಂಗಲಕ್ಕ ಹೇಳಿದಳು. ನಾನು ಗಡಹಿಂಗ್ಲಜಕ್ಕೆ ಹೋಗಿ ಸೀದಾ ಬಸ್ತಿಯಲ್ಲಿ ಮಾತಾಜಿಯವರ ಮುಂದೆ ಕೂತೆ. ನಿನ್ನವ್ವನೂ ಇದ್ದಳು. “ರಾತ್ರಿ ಉಣ್ಣಲಿಲ್ಲಂದರ ಈಕಿ ಉಳಿಯಾಂಗಿಲ್ರಿ. ಈಕಿ ನಿಯಮ ನನಗ ಕೊಡ್ರಿ, ನಾ ನಡಸ್ತೀನಿ” ಅಂದೆ. ಅವರು ನಕ್ಕರು. ಒಬ್ಬರ ಕರ್ಮ ಇನ್ನೊಬ್ಬರ ಹೆಗಲಿಗೆ ಹೋಗುವುದಿಲ್ಲ, ಹಾಗೆ ಶಾಸ್ತ್ರವಿಲ್ಲ ಅಂದರು. ನನಗೂ ಗೊತ್ತಿಲ್ಲದ ಮಾತಲ್ಲ. “ಹಂಗಾದರ ನನ್ನದ ಒಂದು ಹೊಸಾದು ಕೊಡ್ರಿ” ಅಂದೆ. ಜೀವವಿರುವ ತನಕ ರಾತ್ರಿ ಅನ್ನ ಬಿಟ್ಟೆ ಅಂತ ಕೈಮುಗಿದು ಹಿಡಿದೆ.

ನಿನ್ನವ್ವ ಬಾಯಿಗೆ ಸೆರಗು ಹಚ್ಚಿ ನಗತೊಡಗಿದಳು. “ನೀವ? ಎರಡನೇ ಪಾಳಿ ನೋಡಿ ಬಂದು ಖಾರದ ಚುರಮುರಿ ಭಡಂಗ ತಿನ್ನದ ಮಲಗದವರು? ನಾ ನಿಯಮ ಹಿಡಿಯೂ ದಿನ ಬೆಟ್ಟದ ಕೆಳಗ ಚಹಾ ಕುಡಕೋತ ಕುಂತವರು?” ಅಂದಳು. ಮಾತಾಜಿ ಮುಂದೆ ನನ್ನ ಮಾನ ಕಳೆದಳು. ನಕ್ಕು ಮುಗಿಸಿ, “ಮನಿಯಾಗ ಒಬ್ಬರಾದರೂ ಹಿಡದಾರಲ್ಲ. ಇನ್ನ ನಾ ಉಣ್ತೀನಿ” ಅಂದಳು.

ಈಗ ಬಟ್ಟೆ ತೆಗೆದಿದ್ದೇನೆ, ಗಡಿಯಾರ ನಡೆದಿದೆ. ಸಂಜೆ ಅವಳು ಮರೆತು ಅದೇ ಪ್ರಶ್ನೆ ಕೇಳುತ್ತಾಳೆ. “ಮುಳುಗೇತಿ. ನಿನ್ನ ಬದಲಿ ನಾ ನಿಯಮ ಹಿಡದೇನಿ, ನೀ ಉಣ್ಣು” ಅನ್ನುತ್ತೇನೆ. ಅವಳು ಹೊಸದಾಗಿ ಕೇಳಿದಂತೆ ಮತ್ತೆ ನಗುತ್ತಾಳೆ, ಮತ್ತೆ ನನ್ನ ಭಡಂಗದ ಕಥೆ ತೆಗೆಯುತ್ತಾಳೆ, ಆಮೇಲೆ ಉಣ್ಣುತ್ತಾಳೆ. ನನ್ನ ಪಾಡು ಕೇಳಬೇಡ. ಐದಕ್ಕೆ ಉಂಡ ಹೊಟ್ಟೆ ಎಂಟಕ್ಕೆ ಕೂಗುತ್ತದೆ. ಶೆಡ್ಡಿನಲ್ಲಿ ತಾನಾಜಿ ವಡಾಪಾವ್ ಬಿಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ನಿನ್ನ ಅಪ್ಪ


ಕೊಲ್ಹಾಪುರ
೨೩ ಡಿಸೆಂಬರ್ ೨೦೨೪

ಅಪ್ಪಾ,

ಪ್ರಬಂಧ ಕೊಟ್ಟು ಬಂದೆ. ಗಂಡ ಕಳ್ಳನೋ ಅಲ್ಲವೋ ಅನ್ನುವ ತೀರ್ಪನ್ನು ಬಿಟ್ಟೆ. ಪ್ಲಾಟ್‌ಫಾರ್ಮಿನ ಮೇಲೆ ಕೂತಾಗ ಅವರಿಬ್ಬರಲ್ಲಿ ಯಾರು ಯಾವಾಗ ಯಾರ ಕಡೆ ನೋಡುತ್ತಾರೆ ಅನ್ನುವುದನ್ನಷ್ಟೇ ಬರೆದೆ. ವಾದ ಎಲ್ಲಿ ಅಂತ ಮೇಡಂ ಬೈದರು. ಬೈಸಿಕೊಂಡೆ.

ಅಪ್ಪಾ, ನಿನ್ನೆ ಫೋನಿನಲ್ಲಿ ಅವ್ವ ನನ್ನನ್ನು “ಅಕ್ಕಾ” ಅಂದಳು. ಮಂಗಲ ಮಾವಶಿ ಅಂದುಕೊಂಡು, “ನನಗ ವರ ಬಂದೈತಂತ, ಹೌದೇನ?” ಅಂತ ಕೇಳಿದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನನ್ನು ಮರೆತದ್ದಕ್ಕೆ ಹೇಗೋ ಎದೆ ಗಟ್ಟಿ ಮಾಡಿಕೊಂಡೆ. ನನಗೆ ಹೆದರಿಕೆ ಬೇರೆಯದೇ. ನಿಮ್ಮ ಬದಲಿ ನಿಯಮದ ಮೇಲೆ ಅವಳ ಊಟ ನಿಂತಿದೆ. ನಾಳೆ ನಿಮ್ಮನ್ನೇ ಮರೆತರೆ? ನೀವು ಯಾರೋ, ನಿಮ್ಮ ನಿಯಮ ಯಾತರದೋ ಅಂದುಬಿಟ್ಟರೆ ತಾಟು ಮುಟ್ಟುತ್ತಾಳೆಯೇ? ಆಗಲೂ ಸುಳ್ಳು ಹೇಳದೆ ಇರುತ್ತೀರಾ? ಹೇಳಿದರೆ ನಾನು ಏನೂ ಅನ್ನುವುದಿಲ್ಲ. ಸಂಕ್ರಮಣಕ್ಕೆ ಬರುತ್ತೇನೆ. ಅಲ್ಲಿಯ ತನಕ ಹೇಗಾದರೂ ಮಾಡಿ ಉಣ್ಣಿಸಿ.

ಪ್ರಿಯಾ


ಇಚಲಕರಂಜಿ
೭ ಜನವರಿ ೨೦೨೫

ಚಿ. ಪ್ರಿಯಾ, ಚೆನ್ನಾಗಿರು.

ನೀನು ಹೆದರಿದ್ದು ನಿನ್ನೆ ಬಂತು.

ಸಂಜೆ ದೀಪ ಹಚ್ಚಿ, ಕಿಟಕಿ ತೆರೆದೇ ಇಟ್ಟು, ಅವಳ ಮುಂದೆ ತಾಟು ಇಟ್ಟೆ. ಭಕ್ಕರಿ, ಹೆಸರುಕಾಳಿನ ಪಲ್ಯ, ಮೊಸರು. ದಿನದಂತೆ ಹೊತ್ತಿನ ಮಾತು ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ ಕೂತಳು. ಹೊಸ ಮನೆಗೆ ಬಂದವರು ಕೂಡುವ ಹಾಗೆ.

“ನಿಮ್ಮ ತಾಟ ಎಲ್ಲೈತ್ರಿ?” ಅಂದಳು.

“ನಾ ರಾತ್ರಿ ಉಣ್ಣಂಗಿಲ್ಲ. ನಿಯಮ ಐತಿ.”

“ಗಂಡಸರು ಹಿಂತಾ ನಿಯಮ ಹಿಡಿಯೂದು ಕಡಿಮಿ. ಯಾಕ ಹಿಡದೀರಿ?”

ನಿನ್ನ ಸಲುವಾಗಿ ಅಂದರೆ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಪರಪುರುಷ ಏನೋ ಅಂದ ಅಂತ ಎದ್ದು ಹೋದರೆ ಊಟವೂ ಹೋಯಿತು. ಸುಳ್ಳು ಹೇಳಲು ನೀನು ಪರವಾನಗಿ ಕೊಟ್ಟಿದ್ದೆ, ಆದರೆ ನಾಲಿಗೆ ಏಳಲಿಲ್ಲ. “ಒಬ್ಬಾಕಿ ಭಾಳ ವರ್ಷ ನಡಸಿದ್ಲು. ಆಮ್ಯಾಲ ಆಕಿ ಕೈಲೆ ಆಗಲಿಲ್ಲ. ಆಕಿ ಬದಲಿ ನಾ ಹಿಡದೇನಿ” ಅಂದೆ.

ಅವಳು ಮುಖ ಎತ್ತಿ ನನ್ನನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಅಷ್ಟು ಹೊತ್ತು ನೋಡಿದಳು.

“ನಿಮ್ಮ ಲಗ್ನ ಆಗೇತೇನ್ರಿ?”

“ಆಗೇತಿ.”

“ಆಕೀನ ಏನು?”

“ಹೂಂ. ಆಕೀನ.”

“ಭಾಳ ಜೀವ ಐತೇನು ಆಕಿ ಮ್ಯಾಲ?”

“ಐತಿ.”

ಪ್ರಿಯಾ, ಅವಳ ಮುಖ ಸಣ್ಣದಾಯಿತು. ಸಿಟ್ಟು ಬಂದಿತ್ತು, ನಾನು ಬಲ್ಲೆ ಆ ಸಿಟ್ಟನ್ನು. ಗೋಡೆಯ ಕಡೆ ತಿರುಗಿ ಕೂತಳು. ತಾಟು ತಳ್ಳುತ್ತಾಳೆ ಅಂದುಕೊಂಡೆ. ತಳ್ಳಲಿಲ್ಲ. ಭಕ್ಕರಿ ಮುರಿದಳು. “ಆತು ಬಿಡ್ರಿ, ಆಕಿ ದೈವ ಛಲೋ ಐತಿ” ಅಂದಳು. ಅಂದು, ಆ ಹೆಂಗಸಿನ ಮೇಲಿನ ಹೊಟ್ಟೆಕಿಚ್ಚಿಗೆ ಗಬಗಬ ಉಣ್ಣತೊಡಗಿದಳು.

ನಾನು ಅಂಗಳಕ್ಕೆ ಬಂದು ಅತ್ತೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋದಾಗ ತಾಟಿನಲ್ಲಿ ಏನೂ ಉಳಿದಿರಲಿಲ್ಲ. ಇನ್ನೊಂದು ಭಕ್ಕರಿ ಕೇಳಿದಳು, ಕೊಟ್ಟೆ.

ನಿನ್ನ ಅಪ್ಪ
ಬಾಬಾಸಾಹೇಬ